23 ಟೆಸ್ಟೂ ಪಾಸ್, ಆದರೂ ಲಿಸ್ಟಿಗೆ ಹಾಕಿದ ಟೋಕನ್ ಮಾಯ. ಎಲ್ಲಿ ತಪ್ಪಿದ್ದೇನೆ?

ಮೂರನೇಸೆಮ್ · ಸೋಮವಾರ, ರಾತ್ರಿ 11:42

ಎಲ್ಲರಿಗೂ ನಮಸ್ಕಾರ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ ಮಿನಿ ಪ್ರಾಜೆಕ್ಟಿಗೆ ಕ್ಯಾಂಟೀನ್ ಟೋಕನ್ ಪ್ರೋಗ್ರಾಂ ಮಾಡ್ತಿದ್ದೇನೆ, ಜಾವಾದಲ್ಲಿ. ರೆಡಿಮೇಡ್ ಲಿಸ್ಟ್ ಮುಟ್ಟಬಾರದು, ನಮ್ಮದೇ ಬರೀಬೇಕು ಅಂತ ಷರತ್ತು. ಹಾಗಾಗಿ ಸಿಂಗ್ಲಿ ಲಿಂಕ್ಡ್ ಲಿಸ್ಟ್ ಬರೆದೆ, ಅಂದರೆ ನೋಡ್‌ಗಳ ಸರಪಳಿ: ಪ್ರತಿ ನೋಡ್‌ನಲ್ಲಿ ಒಂದು ಐಟಂ, ಜೊತೆಗೆ ಮುಂದಿನ ನೋಡ್ ತೋರಿಸುವ ಕೊಂಡಿ (ನೆಕ್ಸ್ಟ್). ಮೊದಲ ನೋಡ್‌ಗೆ ಹೆಡ್, ಕೊನೆಯ ನೋಡ್‌ಗೆ ಟೇಲ್, ಎಷ್ಟಿವೆ ಅನ್ನೋಕೆ ಸೈಜ್. ಕೊನೆಗೆ ಸೇರಿಸುವಾಗ ಪ್ರತಿ ಸಲ ಮೊದಲಿಂದ ನಡೆದುಕೊಂಡು ಹೋಗೋದು ಬೇಡ ಅಂತ ಟೇಲ್ ಇಟ್ಟುಕೊಂಡೆ.

ಜೆಯುನಿಟ್‌ನಲ್ಲಿ (ಜಾವಾದ ಟೆಸ್ಟ್ ಸಲಕರಣೆ) 23 ಟೆಸ್ಟ್ ಬರೆದಿದ್ದೇನೆ, ಎಲ್ಲವೂ ಹಸಿರು. ಪ್ರೋಗ್ರಾಂ ಓಡಿಸಿದರೆ ಮಾತ್ರ ವಿಚಿತ್ರ. ಕ್ಯೂನಲ್ಲಿ ಜನ ಇರುವವರೆಗೆ ಎಲ್ಲಾ ಸರಿ. ಒಮ್ಮೆ ಪೂರ್ತಿ ಖಾಲಿ ಆಗಿ, ಆಮೇಲೆ ಯಾರಾದರೂ ಟೋಕನ್ ತಗೊಂಡರೆ ಅದು ಪ್ರಿಂಟ್ ಆಗಲ್ಲ. ಸೈಜ್ ಕೇಳಿದರೆ 1 ಅನ್ನುತ್ತೆ. ಸರಿ, 0ನೇದನ್ನು ಕೊಡು ಅಂದರೆ ನಲ್ ಪಾಯಿಂಟರ್ ಎಕ್ಸೆಪ್ಷನ್, ಅಂದರೆ ಏನೂ ಇಲ್ಲದ ಕಡೆ (ನಲ್) ಕೈ ಹಾಕಿದ ದೋಷ. ಇರೋದು ಒಂದು, ಆದರೆ ಅದು ಎಲ್ಲೂ ಇಲ್ಲ. ಎರಡು ದಿನದಿಂದ ತಲೆ ಕೆಟ್ಟಿದೆ.

ಬಿಟ್ಟಾಕ್ಗುರು · ರಾತ್ರಿ 11:50

ಜಾವಾದ ರೆಡಿಮೇಡ್ ಅರೇಡೆಕ್ ಬಳಸಿ ಮಲ್ಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ಯಾರೂ ಲಿಂಕ್ಡ್ ಲಿಸ್ಟ್ ಬರೆಯಲ್ಲ. ಜಾವಾದ ಲಿಂಕ್ಡ್‌ಲಿಸ್ಟ್ ಬರೆದ ಜೋಶುವಾ ಬ್ಲಾಕ್ ಅವರೇ ಅದನ್ನು ತಾವು ಬಳಸೋದಿಲ್ಲ ಅಂತ ಟ್ವೀಟ್ ಮಾಡಿದ್ದರು.

ಹಳೇಕಂಪೈಲರ್ · ರಾತ್ರಿ 11:58

ಗುರುವೇ, ಷರತ್ತು ಓದದೆ ಉತ್ತರ ಕೊಟ್ಟಿರಿ. ಈಜು ಕಲಿಯೋಕೆ ಬಂದವರಿಗೆ ದೋಣಿ ಇದೆಯಲ್ಲ ಅಂದಹಾಗಾಯ್ತು. @ಮೂರನೇಸೆಮ್, ಆಡ್ ಮತ್ತು ರಿಮೂವ್ ಎರಡನ್ನೂ ಹಾಕಿ, ನೋಡೋಣ.

ಮೂರನೇಸೆಮ್ · ಮಂಗಳವಾರ, ನಡುರಾತ್ರಿ 12:10

ಫೋನಿಂದ ಬರೀತಿದ್ದೇನೆ, ಮಾತಲ್ಲೇ ಹೇಳ್ತೀನಿ.

ಆಡ್: ಹೊಸ ನೋಡ್ ಮಾಡು. ಟೇಲ್ ನಲ್ ಆಗಿದ್ದರೆ ಹೆಡ್, ಟೇಲ್ ಎರಡೂ ಹೊಸ ನೋಡೇ. ಇಲ್ಲದಿದ್ದರೆ ಟೇಲ್‌ನ ನೆಕ್ಸ್ಟ್‌ಗೆ ಹೊಸದನ್ನು ಕಟ್ಟು, ಟೇಲನ್ನು ಅದಕ್ಕೆ ಸರಿಸು. ಸೈಜ್‌ಗೆ ಒಂದು ಕೂಡಿಸು.

ರಿಮೂವ್: ಇಂಡೆಕ್ಸ್ 0 ಆದರೆ ಹೆಡ್ ಅನ್ನು ಹೆಡ್‌ನ ನೆಕ್ಸ್ಟ್‌ಗೆ ಸರಿಸು. ಇಲ್ಲದಿದ್ದರೆ ಹಿಂದಿನ ನೋಡ್ ತನಕ ನಡೆದು, ಅದರ ನೆಕ್ಸ್ಟ್ ಅನ್ನು ಒಂದು ಬಿಟ್ಟು ಮುಂದಿನದಕ್ಕೆ ಕಟ್ಟು. ಸೈಜ್‌ನಿಂದ ಒಂದು ಕಳೆ.

ಪೇಡಾಪ್ರಿಯ · ಬೆಳಿಗ್ಗೆ 7:15

ತಂಗಿ, ನಿನ್ನ ರಿಮೂವ್ ಒಳಗ ಟೇಲ್ ಅನ್ನೋ ಶಬ್ದನ ಇಲ್ಲಲ್ಲ! ಒಂದ ನೋಡ್ ಇದ್ದಾಗ ಅದನ್ನ ತಗದಿ ಅನ್ಕೋ. ಹೆಡ್ ನಲ್ ಆತು. ಟೇಲ್ ಇನ್ನೂ ಆ ಹಳೇ ನೋಡ್ ಹಿಡ್ಕೊಂಡ ಕುಂತೈತಿ. ಮುಂದ ಆಡ್ ಮಾಡಿದಾಗ "ಟೇಲ್ ನಲ್ ಇಲ್ಲಲ್ಲ" ಅಂತ ಹೊಸಾದನ್ನ ಆ ಸತ್ತ ನೋಡಿನ ಬಾಲಕ್ಕ ಕಟ್ಟತೈತಿ. ಸೈಜ್ 1 ಆತು, ಹೆಡ್ ಮಾತ್ರ ನಲ್. ಊರ ಬಿಟ್ಟ ಹೋದವರ ಹಳೇ ವಿಳಾಸಕ್ಕ ಪತ್ರ ಹಾಕಿದಂಗ. ಹೆಡ್ ನಲ್ ಆದ ಕೂಡಲೇ ಟೇಲನ್ನೂ ನಲ್ ಮಾಡು, ಮುಗೀತು.

ಮೂರನೇಸೆಮ್ · ಬೆಳಿಗ್ಗೆ 8:02

ಅಣ್ಣಾ, ಆಯ್ತು!! ಕಾಲೇಜ್ ಬಸ್ಸಲ್ಲೇ ಸರಿಮಾಡಿದೆ. ಖಾಲಿ ಆಗಿ ಮತ್ತೆ ತುಂಬಿದರೂ ಟೋಕನ್ ಬರ್ತಿದೆ. ತುಂಬಾ ಥ್ಯಾಂಕ್ಸ್.

ಆದರೆ ಒಂದು ಪ್ರಶ್ನೆ ಕೊರೀತಾ ಇದೆ. ಇಷ್ಟು ಸಣ್ಣ ತಪ್ಪನ್ನು 23 ಟೆಸ್ಟಲ್ಲಿ ಒಂದೂ ಯಾಕೆ ಹಿಡೀಲಿಲ್ಲ? ಖಾಲಿ ಲಿಸ್ಟ್, ಒಂದೇ ಐಟಂ ಇರೋ ಲಿಸ್ಟ್, ಮೊದಲನೇದು, ನಡುವಿನದು, ಕೊನೇದು ತೆಗೆಯೋದು, ತಪ್ಪು ಇಂಡೆಕ್ಸ್ ಕೊಟ್ಟರೆ ಎಕ್ಸೆಪ್ಷನ್, ಎಲ್ಲಾ ಬರೆದಿದ್ದೆ. ಕವರೇಜ್ ನೂರಕ್ಕೆ ನೂರು ಇತ್ತು.

ಹಳೇಕಂಪೈಲರ್ · ಮಧ್ಯಾಹ್ನ 1:20

ಊಟದ ಹೊತ್ತಲ್ಲಿ ಬರೀತಿದ್ದೇನೆ, ಸ್ವಲ್ಪ ಉದ್ದ ಆಗಬಹುದು. ಮೂಲ ಪ್ರಶ್ನೆಗಿಂತ ಈ ಪ್ರಶ್ನೆ ದೊಡ್ಡದು.

ನಿಮ್ಮ ಟೆಸ್ಟ್‌ಗಳ ಆಕಾರ ನೋಡಿ. ಹೊಸ ಲಿಸ್ಟ್ ಮಾಡು, ಎರಡು ಮೂರು ಸೇರಿಸು, ಒಂದು ತೆಗೆ, ಉಳಿದದ್ದು ಸರಿ ಇದೆಯಾ ನೋಡು, ಮುಗಿಯಿತು. 23 ಬರೆದರೂ ಆಕಾರ ಒಂದೇ. ತೆಗೆದ ಮೇಲೆ ಸೇರಿಸುವ ಟೆಸ್ಟ್ ಒಂದೂ ಇಲ್ಲ ಅಂತ ಬಾಜಿ ಕಟ್ಟುತ್ತೇನೆ. ತಪ್ಪು ಹುಟ್ಟೋದು ರಿಮೂವ್‌ನಲ್ಲಿ, ಕಾಣಿಸೋದು ಅದರ ನಂತರದ ಆಡ್‌ನಲ್ಲಿ. ನಿಮ್ಮ ಟೆಸ್ಟ್ ಇವೆರಡರ ನಡುವೆಯೇ ಮುಗಿದುಹೋಗುತ್ತೆ. ಕವರೇಜ್ ಪ್ರತಿ ಸಾಲೂ ಓಡಿತು ಅಂತ ಹೇಳುತ್ತೆ ಅಷ್ಟೆ, ಯಾವ ಸ್ಥಿತಿಯಲ್ಲಿ ಓಡಿತು ಅಂತ ಹೇಳಲ್ಲ.

ಇನ್ನೊಂದು ಮಾತು. ರಿಮೂವ್ ಬರೆಯುವಾಗ ಟೇಲ್ ಮರೆತದ್ದು ನೀವೇ, ಟೆಸ್ಟ್ ಬರೆದದ್ದೂ ನೀವೇ. ಬರೆಯುವಾಗ ಹೊಳೆಯದ್ದು ಪರೀಕ್ಷಿಸುವಾಗ ಹೇಗೆ ಹೊಳೆಯುತ್ತೆ? ಇದು ನಿಮ್ಮ ಕೊರತೆ ಅಲ್ಲ, ಇಪ್ಪತ್ತು ವರ್ಷ ಕೋಡ್ ಬರೆದ ನನಗೂ ಹೀಗೇ. ಅದಕ್ಕೇ ಟೆಸ್ಟ್ ಆಯ್ಕೆ ಮಾಡುವ ಕೆಲಸವನ್ನು ನಮ್ಮ ಕೈಯಿಂದ ಬಿಡಿಸಬೇಕು.

ಹೀಗೆ ಮಾಡಿ. ಎರಡು ಲಿಸ್ಟ್ ಇಟ್ಟುಕೊಳ್ಳಿ, ಒಂದು ನಿಮ್ಮದು, ಇನ್ನೊಂದು ಜಾವಾದ ರೆಡಿಮೇಡ್ ಅರೇಲಿಸ್ಟ್. ಪ್ರಾಜೆಕ್ಟಿನ ಷರತ್ತು ಟೆಸ್ಟಿಗೆ ಅನ್ವಯಿಸಲ್ಲ, ಬೇಕಾದರೆ ಮೇಡಂನ ಕೇಳಿ. ರ್‍ಯಾಂಡಮ್‌ಗೆ ಒಂದು ಸೀಡ್ (ಅದೇ ಸಾಲು ಮತ್ತೆ ಬರಿಸುವ ಆರಂಭದ ಸಂಖ್ಯೆ) ಕೊಟ್ಟು, ಲೂಪಿನಲ್ಲಿ ಪ್ರತಿ ಸಲ ದಾಳ ಹಾಕಿದ ಹಾಗೆ ಒಂದು ಕ್ರಿಯೆ ಆರಿಸಿ: ಕೊನೆಗೆ ಸೇರಿಸು, ನಡುವೆ ಸೇರಿಸು, ತೆಗೆ, ಬದಲಿಸು, ಹುಡುಕು. ಅದನ್ನೇ ಎರಡೂ ಲಿಸ್ಟಿನ ಮೇಲೆ ಮಾಡಿ. ಇಬ್ಬರೂ ಒಂದೇ ಉತ್ತರ ಕೊಡಬೇಕು. ಒಬ್ಬರು ಎಕ್ಸೆಪ್ಷನ್ ಎಸೆದರೆ ಇನ್ನೊಬ್ಬರೂ ಅದನ್ನೇ ಎಸೆಯಬೇಕು. ಪ್ರತಿ ಹೆಜ್ಜೆಯ ಬಳಿಕ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಸೀಡ್ ಪ್ರಿಂಟ್ ಮಾಡೋದು ಮರೀಬೇಡಿ. ಅದಿಲ್ಲದೆ ಬಿದ್ದ ಟೆಸ್ಟನ್ನು ಮತ್ತೆ ಬೀಳಿಸೋಕಾಗಲ್ಲ.

ಹೊರಗಿನ ಉತ್ತರ ಮಾತ್ರ ಸಾಲದು, ಒಳಗಿನ ನಿಯಮಗಳನ್ನೂ ನೋಡಿ. ಸೈಜ್ 0 ಆದರೆ ಹೆಡ್ ಮತ್ತು ಟೇಲ್ ಎರಡೂ ನಲ್. ಇಲ್ಲದಿದ್ದರೆ ಹೆಡ್‌ನಿಂದ ಸೈಜ್‌ಗಿಂತ ಒಂದು ಕಡಿಮೆ ಹೆಜ್ಜೆ ನಡೆದರೆ ಟೇಲೇ ಸಿಗಬೇಕು, ಮತ್ತು ಅದರ ನೆಕ್ಸ್ಟ್ ನಲ್ ಇರಬೇಕು. ಹೆಜ್ಜೆ ಎಣಿಸಿಯೇ ನಡೆಯಿರಿ, ನಲ್ ಸಿಗುವ ತನಕ ಅಂತ ಹೊರಟರೆ ಕೊಂಡಿ ಎಲ್ಲಾದರೂ ಸುತ್ತುಹಾಕಿಕೊಂಡಿದ್ದಾಗ ಟೆಸ್ಟೂ ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತೆ.

ಒಂದು ಎಚ್ಚರಿಕೆ. ಸೇರಿಸುವುದು ನೂರಕ್ಕೆ 70, ತೆಗೆಯುವುದು 30 ಅಂತ ಇಟ್ಟರೆ ಲಿಸ್ಟ್ ಬೆಳೀತಾನೇ ಹೋಗುತ್ತೆ, ಖಾಲಿ ಆಗೋದೇ ಅಪರೂಪ. ನಿಮ್ಮ ತಪ್ಪು ಕೂತಿದ್ದು ಖಾಲಿಯ ಹತ್ತಿರವೇ. ಉದ್ದ 0ಯಿಂದ 5ರೊಳಗೆ ಆಡುತ್ತಿರುವ ಹಾಗೆ ನೋಡಿಕೊಳ್ಳಿ. ಬೆಲೆಗಳೂ (ಲಿಸ್ಟಿಗೆ ಹಾಕುವ ಸಂಖ್ಯೆಗಳೂ) ಚಿಕ್ಕವಿರಲಿ, 0ಯಿಂದ 3 ಸಾಕು, ಆಗ ಒಂದೇ ಬೆಲೆ ಎರಡು ಸಲ ಬರುವ ಸಂದರ್ಭಗಳೂ ಸಿಗುತ್ತವೆ.

ಇದೇನೂ ನನ್ನ ಬುದ್ಧಿ ಅಲ್ಲ. 1999ರ ಸುಮಾರಿಗೆ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಹ್ಯಾಸ್ಕೆಲ್ ಭಾಷೆಗೆ ಕ್ವಿಕ್‌ಚೆಕ್ ಅಂತ ಮಾಡಿದರು, ಅದರ ಸಂತಾನ ಈಗ ಎಷ್ಟೋ ಭಾಷೆಗಳಲ್ಲಿ ಇದೆ. ಪೈಥಾನಿಗೆ ಹೈಪಾಥಿಸಿಸ್, ಜಾವಾಕ್ಕೆ ಜೆಕ್ವಿಕ್. ನಿಮಗೆ ಈಗ ಅವೂ ಬೇಡ, ಕೈಯಲ್ಲೇ ನಲವತ್ತು ಸಾಲು ಸಾಕು.

ಅಕ್ಷರಮಾಲೆ · ಮಧ್ಯಾಹ್ನ 3:05

ಆಕಾರದ ಮಾತಿಗೆ ನನ್ನದೊಂದು ಅನುಭವ. ಕನ್ನಡ ಪದಗಳನ್ನು ತಿರುಗಿಸುವ ಫಂಕ್ಷನ್ ಬರೆದಿದ್ದೆ, ಪದವನ್ನು ಲಿಸ್ಟ್ ಮಾಡಿ ಹಿಂದುಮುಂದು ಮಾಡೋದು. ಟೆಸ್ಟಿಗೆ ಮೊದಲು ಹೊಳೆದ ಪದ "ಕನ್ನಡ". ಫಲಿತಾಂಶ "ಡನ್ನಕ". ಸರಿಯಾಗೇ ಇದೆ, ಪಾಸ್.

ಆಮೇಲೆ ಯಾರೋ "ಕರ್ನಾಟಕ" ಕೊಟ್ಟರು. ಬಂದದ್ದು "ಕಟಾನ್ರಕ". ಬರಬೇಕಾದ್ದು "ಕಟರ್ನಾಕ". ಕಂಪ್ಯೂಟರಿಗೆ "ಕನ್ನಡ" ಮೂರು ಅಕ್ಷರ ಅಲ್ಲ, ಐದು ಯೂನಿಕೋಡ್ ಬಿಂದು: ಕ, ನ, ವಿರಾಮ (ಅಕ್ಷರವನ್ನು ಅರ್ಧ ಮಾಡಿ ಒತ್ತು ಸೇರಿಸುವ ಚಿಹ್ನೆ), ನ, ಡ. ತಿರುಗಿಸಿದರೂ ನಡುವಿನ ನ-ವಿರಾಮ-ನ ಹಾಗೇ ಉಳಿಯುತ್ತೆ, ಒತ್ತಕ್ಷರ ಸಜಾತಿಯದ್ದಲ್ಲವೇ. ನಮ್ಮ ಭಾಷೆಯ ಹೆಸರೇ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು!

ಪೇಡಾಪ್ರಿಯ · ಮಧ್ಯಾಹ್ನ 3:30

ಭಾರೀ ಐತಿ ಇದು. ನಾಳೆ ನಮ್ಮ ಟೀಮಿನ ಹುಡುಗರಿಗೆ ಹೇಳ್ತೀನಿ.

ಮೂರನೇಸೆಮ್ · ರಾತ್ರಿ 9:48

ಸರ್, ನೀವು ಹೇಳಿದ ಹಾಗೆ ಬರೆದೆ, 52 ಸಾಲಾಯ್ತು. ಬಾಜಿ ಗೆದ್ದಿರಿ, ತೆಗೆದ ಮೇಲೆ ಸೇರಿಸೋ ಟೆಸ್ಟ್ ಒಂದೂ ಇರಲಿಲ್ಲ.

ಆದರೆ ಈಗ ಮತ್ತೆ ಬೀಳ್ತಿದೆ! ಬೆಳಿಗ್ಗೆ ಸರಿಮಾಡಿದ ಕೋಡೇ. 41ನೇ ಹೆಜ್ಜೆಯಲ್ಲಿ ಟೇಲ್ ನಿಯಮ ಮುರಿದಿದೆ ಅನ್ನುತ್ತೆ. 41 ಹೆಜ್ಜೆ ಓದಿ ಅರ್ಥ ಮಾಡಿಕೊಳ್ಳೋದು ಹೇಗೆ?

ಹಳೇಕಂಪೈಲರ್ · ರಾತ್ರಿ 10:05

ಓದಬೇಡಿ, ಕತ್ತರಿಸಿ. ಹೆಜ್ಜೆಗಳ ಪಟ್ಟಿಯಿಂದ ಒಂದನ್ನು ತೆಗೆದು ಮತ್ತೆ ಓಡಿಸಿ. ಆಗಲೂ ಬಿದ್ದರೆ ಆ ಹೆಜ್ಜೆ ಬೇಕಿರಲಿಲ್ಲ, ಬಿಸಾಕಿ. ಬೀಳದಿದ್ದರೆ ವಾಪಸ್ ಇಡಿ. ಹೀಗೆ ಯಾವುದನ್ನೂ ತೆಗೆಯೋಕಾಗದ ತನಕ. ಇದನ್ನೂ ಲೂಪಿನಲ್ಲೇ ಮಾಡಬಹುದು. ಕ್ವಿಕ್‌ಚೆಕ್ ಜಾತಿಯ ಸಲಕರಣೆಗಳ ಅರ್ಧ ಬೆಲೆ ಇರೋದೇ ಈ ಕುಗ್ಗಿಸುವ ಕೆಲಸದಲ್ಲಿ.

ಮೂರನೇಸೆಮ್ · ರಾತ್ರಿ 10:52

41 ಹೋಗಿ 3 ಉಳೀತು!

ಸೇರಿಸು, ಸೇರಿಸು, 1ನೇ ಇಂಡೆಕ್ಸ್ ತೆಗೆ. ಅಷ್ಟೇ.

ನೋಡಿದ ಕೂಡಲೇ ಗೊತ್ತಾಯ್ತು. ಒಂದೇ ನೋಡ್ ಇದ್ದಾಗಿನದ್ದನ್ನು ಮಾತ್ರ ಸರಿಮಾಡಿದ್ದೆ. ಎರಡಿದ್ದು ಕೊನೇದನ್ನು ತೆಗೆದರೆ ಟೇಲ್ ಆಗಲೂ ಕಿತ್ತುಹೋದ ನೋಡ್‌ನಲ್ಲೇ ಇರುತ್ತೆ. ಕ್ಯಾಂಟೀನಲ್ಲಿ ಯಾವಾಗಲೂ ಮುಂದಿನಿಂದಲೇ ತೆಗೆಯೋದರಿಂದ ಕಾಣಿಸಲೇ ಇಲ್ಲ. ಕೊನೆಗೆ ಬಂದವರು ಟೋಕನ್ ಕ್ಯಾನ್ಸಲ್ ಮಾಡಿದ್ದರೆ ಅವರ ಹಿಂದೆ ಬಂದವರೆಲ್ಲ ಮಾಯ ಆಗ್ತಿದ್ದರು.

ಹಳೇಕಂಪೈಲರ್ · ರಾತ್ರಿ 10:58

ಗಮನಿಸಿದಿರಾ, ಒಳಗಿನ ನಿಯಮ ನೋಡಿದ್ದರಿಂದ ರಿಮೂವ್‌ನಲ್ಲೇ ಸಿಕ್ಕಿಬಿತ್ತು. ಬೆಲೆಗಳನ್ನು ಮಾತ್ರ ಹೋಲಿಸಿದ್ದರೆ ನಾಲ್ಕನೇ ಹೆಜ್ಜೆಯಾಗಿ ಇನ್ನೊಂದು ಆಡ್ ಬೇಕಾಗುತ್ತಿತ್ತು, ಮತ್ತು ನೀವು ಆಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಿದ್ದಿರಿ.

ಕಡಲತಡಿ · ಬುಧವಾರ, ಬೆಳಿಗ್ಗೆ 6:40

ಒಳ್ಳೆ ಚರ್ಚೆ ಮಾರಾಯ್ರೆ. ಆದ್ರೆ ಹಳೇಕಂಪೈಲರ್ ಅವರ ಒಂದು ಮಾತಿಗೆ ನನ್ನ ತಕರಾರು ಉಂಟು. ಬೆಲೆ 0ಯಿಂದ 3 ಸಾಕು ಅಂದ್ರಲ್ಲ, ಜಾವಾದಲ್ಲಿ ಸಾಕಾಗುದಿಲ್ಲ. @ಮೂರನೇಸೆಮ್, ನಿಮ್ಮ ಹುಡುಕುವ ಮೆಥಡ್‌ನಲ್ಲಿ ಹೋಲಿಕೆ ಹೇಗೆ ಮಾಡಿದ್ದೀರಿ, ಎರಡು ಸಮ ಚಿಹ್ನೆ ಹಾಕಿಯಾ ಅಥವಾ ಈಕ್ವಲ್ಸ್ ಕರೆದಾ?

ಮೂರನೇಸೆಮ್ · ಬೆಳಿಗ್ಗೆ 7:55

ಎರಡು ಸಮ ಚಿಹ್ನೆ... ಟೆಸ್ಟ್ ಪಾಸ್ ಆಗಿದೆಯಲ್ಲಾ?

ಕಡಲತಡಿ · ಬೆಳಿಗ್ಗೆ 8:20

ಅದೇ ನಾನು ಹೇಳಿದ್ದು. ಲಿಸ್ಟಿನಲ್ಲಿ ಕೂತದ್ದು ಇಂಟಿಜರ್ ಆಬ್ಜೆಕ್ಟ್, ಬರೀ ಸಂಖ್ಯೆ ಅಲ್ಲ. ಎರಡು ಸಮ ಚಿಹ್ನೆ ಹಾಕಿದ್ರೆ ಬೆಲೆ ಒಂದೇನಾ ಅಂತ ಕೇಳಿದ ಹಾಗೆ ಅಲ್ಲ, ವಸ್ತು ಅದೇನಾ ಅಂತ ಕೇಳಿದ ಹಾಗೆ. ಮೈನಸ್ 128ರಿಂದ 127ರ ತನಕದ ಇಂಟಿಜರ್‌ಗಳನ್ನು ಜಾವಾ ಮೊದಲೇ ಮಾಡಿ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡ್ತದೆ. ಆದ್ದರಿಂದ 3ಕ್ಕೆ 3 ಯಾವಾಗ್ಲೂ ಅದೇ ವಸ್ತು. 127 ದಾಟಿದ್ರೆ ಬೇರೆ ಬೇರೆ ವಸ್ತು, ಹೋಲಿಕೆ ಸುಳ್ಳು ಅಂತ ಬರ್ತದೆ. ನಿಮ್ಮ ಕ್ಯಾಂಟೀನಿನಲ್ಲಿ 127 ಟೋಕನ್ ತನಕ ಕ್ಯಾನ್ಸಲ್ ಕೆಲಸ ಮಾಡ್ತದೆ, 128ನೇಯವರಿಗೆ "ನಿಮ್ಮ ಟೋಕನ್ ಇಲ್ಲವೇ ಇಲ್ಲ" ಅಂತ ಹೇಳ್ತದೆ.

ನಾಲ್ಕೈದೇ ಬೆಲೆ ಇರ್ಲಿ, ಆದ್ರೆ ಅದ್ರಲ್ಲಿ ಒಂದೆರಡು ಸಾವಿರದ ಮೇಲೆ ಇರ್ಲಿ. ನಲ್ ಕೂಡ ಒಂದು ಇರ್ಲಿ, ಅರೇಲಿಸ್ಟ್ ನಲ್ ಅನ್ನು ಒಳಗೆ ಬಿಟ್ಟುಕೊಳ್ತದೆ. ನೀವು ಬಿಟ್ಟುಕೊಳ್ತೀರಾ ಇಲ್ಲವಾ ಅಂತ ನೀವೇ ತೀರ್ಮಾನ ಮಾಡ್ಬೇಕು.

ಹಳೇಕಂಪೈಲರ್ · ಬೆಳಿಗ್ಗೆ 9:10

ಒಪ್ಪಿದೆ, ನನ್ನ ಸಲಹೆಯಲ್ಲಿ ತೂತಿತ್ತು. ದಾಳಕ್ಕೆ ಮುಖಗಳನ್ನು ಕೊಟ್ಟವನು ನಾನೇ ಅಲ್ಲವೇ.

ಮೂರನೇಸೆಮ್ · ಸಂಜೆ 6:30

1000 ಮತ್ತು 5000 ಸೇರಿಸಿದೆ, ತಕ್ಷಣ ಬಿತ್ತು. ಈಕ್ವಲ್ಸ್ ಹಾಕಿದೆ, ನಿಂತಿತು. ಆಮೇಲೆ ಇನ್ನೊಂದು ಕಡೆ ಬಿತ್ತು, ಆದರೆ ಈ ಸಲ ನನ್ನ ಲಿಸ್ಟ್ ಸರಿ, ಅರೇಲಿಸ್ಟೇ ಬೇರೆ ಐಟಂ ತೆಗೆದಿದೆ! ಜಾವಾದಲ್ಲೇ ಬಗ್ ಸಿಕ್ಕಿತು ಅಂತ ಹಾಸ್ಟೆಲಲ್ಲಿ ಸಾರಿಬಿಟ್ಟೆ.

ಕಡಲತಡಿ · ಸಂಜೆ 6:42

ಇಂಡೆಕ್ಸ್ ಅನ್ನು ಇಂಟಿಜರ್ ವೇರಿಯಬಲ್‌ನಲ್ಲಿ ಇಟ್ಟಿದ್ದೀರಾ?

ಮೂರನೇಸೆಮ್ · ಸಂಜೆ 6:45

ಹೌದು. ಹೇಗೆ ಗೊತ್ತಾಯ್ತು??

ಕಡಲತಡಿ · ಸಂಜೆ 6:51

ಎಲ್ಲರೂ ಒಮ್ಮೆ ಬೀಳುವ ಹೊಂಡ ಅದು. ಅರೇಲಿಸ್ಟಿಗೆ ಎರಡು ರಿಮೂವ್ ಉಂಟು. ಬರೀ ಸಂಖ್ಯೆಯಾದ ಇಂಟ್ ಕೊಟ್ರೆ ಆ ಸ್ಥಾನದ್ದನ್ನು ತೆಗೀತದೆ, ಇಂಟಿಜರ್ ಆಬ್ಜೆಕ್ಟ್ ಕೊಟ್ರೆ ಆ ಬೆಲೆಯದ್ದನ್ನು ಹುಡುಕಿ ತೆಗೀತದೆ. ನಿಮ್ಮ ಲಿಸ್ಟಿಗೆ ಸ್ಥಾನದ್ದು ಒಂದೇ, ಹಾಗಾಗಿ ಅಲ್ಲಿ ತಾನಾಗಿ ಇಂಟ್ ಆಯಿತು. ತಪ್ಪು ಟೆಸ್ಟಿನದ್ದು. ಹಾಸ್ಟೆಲಿನವರಿಗೆ ಏನು ಹೇಳ್ತೀರೋ ನಿಮಗೆ ಬಿಟ್ಟದ್ದು.

ಬಿಟ್ಟಾಕ್ಗುರು · ರಾತ್ರಿ 8:15

ಸರಿ, ನಾನೂ ಸೋತೆ, ಚರ್ಚೆ ಚೆನ್ನಾಗಿದೆ. ನನ್ನದೊಂದು ಹಳೇ ಪಾಪ ಒಪ್ಪಿಕೊಳ್ತೀನಿ. ಮೊದಲ ಕೆಲಸದಲ್ಲಿ ಅರೇ (ಜಾಗ ಮೊದಲೇ ನಿಗದಿಯಾದ ಸಾಲು) ಮೇಲೆ ಕಟ್ಟಿದ ಲಿಸ್ಟ್ ಬರೆದಿದ್ದೆ. ತುಂಬಿದರೆ 10 ಜಾಗ ಹೆಚ್ಚಿಸಿ ಎಲ್ಲಾ ಕಾಪಿ ಮಾಡೋದು. ಟೆಸ್ಟಲ್ಲಿ 50 ಐಟಂ, ಕಣ್ಣು ಮಿಟುಕಿಸೋದ್ರಲ್ಲಿ ಮುಗೀತು. ನಿಜವಾದ ಡೇಟಾ 1 ಲಕ್ಷ ಬಂತು, ಮೆಷಿನ್ ಕೂತುಬಿಡ್ತು. ಲೆಕ್ಕ ಹಾಕಿ: ಹತ್ತತ್ತು ಹೆಚ್ಚಿಸಿದರೆ 1 ಲಕ್ಷ ತಲುಪೋಕೆ ಸುಮಾರು 50 ಕೋಟಿ ಕಾಪಿ. 10ರಿಂದ ಶುರುಮಾಡಿ ಪ್ರತಿ ಸಲ ದುಪ್ಪಟ್ಟು ಮಾಡಿದ್ದರೆ 1,63,830. ಕೋಡಲ್ಲಿ ವ್ಯತ್ಯಾಸ ಒಂದೇ ಸಾಲು.

ಹಳೇಕಂಪೈಲರ್ · ರಾತ್ರಿ 8:40

ಇದಕ್ಕೊಂದು ಬಾಲ. ಜಾವಾದ ಅರೇಲಿಸ್ಟ್ ದುಪ್ಪಟ್ಟು ಮಾಡಲ್ಲ, ಒಂದೂವರೆ ಪಟ್ಟು ಮಾಡುತ್ತೆ: 10, 15, 22, 33, 49. ಅದನ್ನು ನೋಡಿ ನಕಲು ಮಾಡುವವರು ಆರಂಭದ ಜಾಗ 1 ಕೊಟ್ಟರೆ ಸಿಕ್ಕಿಬೀಳುತ್ತಾರೆ. 1ರ ಅರ್ಧ, ಪೂರ್ಣಾಂಕದಲ್ಲಿ, 0. ಒಂದಕ್ಕೆ ಸೊನ್ನೆ ಕೂಡಿಸಿದರೆ ಒಂದೇ. ಲಿಸ್ಟ್ ಬೆಳೆಯೋದೇ ಇಲ್ಲ. ಅರೇ ಲಿಸ್ಟ್ ಟೆಸ್ಟ್ ಮಾಡುವವರು 0 ಮತ್ತು 1 ಜಾಗದಿಂದ ಶುರುವಾಗುವುದನ್ನು ಓಡಿಸಲೇಬೇಕು.

ಹಾವಾಡಿಗ · ರಾತ್ರಿ 9:30

ಪೈಥಾನ್ ಬಳಗದಿಂದ ಹಾಜರಿ. ಇಲ್ಲಿ ಮ್ಯೂಟಬಲ್‌ಸೀಕ್ವೆನ್ಸ್ (ಲಿಸ್ಟ್ ಕಟ್ಟೋಕೆ ಇರುವ ಸಿದ್ಧ ಅಚ್ಚು) ಅನ್ನು ಆಧಾರವಾಗಿ ಹಿಡಿದರೆ ಐದೇ ಮೆಥಡ್ ಬರೆದರೆ ಸಾಕು, ಅಪೆಂಡ್, ಪಾಪ್, ಎಕ್ಸ್‌ಟೆಂಡ್ ಎಲ್ಲಾ ಪುಕ್ಕಟೆ. ನಾನು ಮಾತ್ರ ಎಕ್ಸ್‌ಟೆಂಡ್ ಅನ್ನು ನಾನೇ ಬರೀತೀನಿ ಅಂತ ಹೊರಟೆ: ಬಂದ ಲಿಸ್ಟಿನ ಪ್ರತಿ ಐಟಂ ತಗೊಂಡು ಕೊನೆಗೆ ಸೇರಿಸು. ಲಿಸ್ಟಿಗೆ ಅದನ್ನೇ ಕೊಟ್ಟರೆ? ತೆಗೆದಷ್ಟೂ ಸೇರುತ್ತೆ, ಸೇರಿದಷ್ಟೂ ತೆಗೆಯುತ್ತೆ. ಅಕ್ಷಯಪಾತ್ರೆ! ಮೆಮೊರಿ ಮುಗಿದಾಗಲೇ ನಿಂತಿದ್ದು. ಪೈಥಾನಿನವರದೇ ಕೋಡ್ ತೆರೆದು ನೋಡಿದರೆ, ಬಂದದ್ದು ತಾನೇ ಆಗಿದ್ದರೆ ಮೊದಲು ನಕಲು ಮಾಡಿಕೋ ಅಂತ ಬೇರೆಯದೇ ಸಾಲಿದೆ. @ಮೂರನೇಸೆಮ್, ದಾಳದಲ್ಲಿ "ತನಗೆ ತಾನೇ ಸೇರಿಸು" ಅನ್ನೋ ಮುಖವೂ ಇರಲಿ.

ಅಕ್ಷರಮಾಲೆ · ಗುರುವಾರ, ಬೆಳಿಗ್ಗೆ 10:15

ದಾಳದ ಮೇಲೆ ಇಷ್ಟೊಂದು ನಂಬಿಕೆಯೂ ಬೇಡ. ಟಿಮ್‌ಸಾರ್ಟ್ ನೆನಪಿಸಿಕೊಳ್ಳಿ, ಲಿಸ್ಟನ್ನು ಕ್ರಮವಾಗಿ ಜೋಡಿಸುವ ವಿಧಾನ ಅದು. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನಿಗೆ ಬರೆದದ್ದು, ಆಮೇಲೆ ಜಾವಾಕ್ಕೂ ಆಂಡ್ರಾಯ್ಡ್‌ಗೂ ಹೋಯಿತು. ಆಂಡ್ರಾಯ್ಡ್ ಫೋನುಗಳಲ್ಲೂ ಓಡುತ್ತಿತ್ತು. 2015ರಲ್ಲಿ ಯುರೋಪಿನ ಸಂಶೋಧಕರು ಕೀ ಅನ್ನೋ ಸಲಕರಣೆ ಹಿಡಿದು ಅದು ಸರಿ ಅಂತ ಗಣಿತದಲ್ಲಿ ಸಾಧಿಸಲು ಹೊರಟರು. ಸಾಧನೆ ಒಂದು ಕಡೆ ಮುಂದೆ ಹೋಗಲೇ ಇಲ್ಲ. ಯಾಕೆ ಅಂತ ನೋಡಿದರೆ, ಕಾಯ್ದುಕೊಳ್ಳಬೇಕಾದ ಒಳಗಿನ ನಿಯಮವನ್ನೇ ಕೋಡ್ ಕೆಲವೊಮ್ಮೆ ಮುರಿಯುತ್ತಿತ್ತು, ಬೇಕೆಂದೇ ಜೋಡಿಸಿದ ದೊಡ್ಡ ಅರೇ ಕೊಟ್ಟರೆ ಜಾವಾದ್ದು ಎಕ್ಸೆಪ್ಷನ್ ಎಸೆದು ಬೀಳುತ್ತಿತ್ತು. ಅಂಥ ಅರೇ ದಾಳ ಹಾಕಿದರೆ ಬರುವುದಲ್ಲ.

ಪೇಡಾಪ್ರಿಯ · ಬೆಳಿಗ್ಗೆ 10:40

ಖರೇ. ಆದ್ರ ಮೂರನೇ ಸೆಮಿಸ್ಟರಿಗೆ ಗಣಿತದ ಸಾಧನೆ ಬ್ಯಾಡ್ರಿ ಯಪ್ಪಾ, ಹುಡುಗಿ ಪಾಸಾಗಲಿ ಮೊದ್ಲ.

ಮೂರನೇಸೆಮ್ · ಶುಕ್ರವಾರ, ರಾತ್ರಿ 10:20

ಡೆಮೊ ಮುಗೀತು. ಮೇಡಂ ಮೊದಲು ಕೇಳಿದ್ದೇ "ಅರೇಲಿಸ್ಟ್ ಯಾಕೆ ಇಂಪೋರ್ಟ್ ಮಾಡಿದ್ದೀಯಾ" ಅಂತ. ಟೆಸ್ಟ್ ಫೋಲ್ಡರ್ ತೋರಿಸಿ ಓಡಿಸಿದೆ, 10 ಲಕ್ಷ ಹೆಜ್ಜೆ, ಎರಡೂ ಲಿಸ್ಟ್ ಜೊತೆಜೊತೆಗೇ ಹೋದವು. ಮೇಡಂ ಸ್ವಲ್ಪ ಹೊತ್ತು ನೋಡಿ, "ಇದು ನಿಜವಾಗಲೂ ಏನಾದರೂ ಹಿಡಿಯುತ್ತಾ, ಇಲ್ಲ ಸುಮ್ಮನೆ ಹಸಿರು ತೋರಿಸುತ್ತಾ?" ಅಂದರು.

ರಿಮೂವ್‌ನಲ್ಲಿ ಟೇಲ್ ಸರಿಮಾಡುವ ಸಾಲನ್ನು ಅವರ ಎದುರೇ ಕಮೆಂಟ್ ಮಾಡಿ ಓಡಿಸಿದೆ. ಬಿತ್ತು. ಕುಗ್ಗಿಸಿ ಅದೇ 3 ಹೆಜ್ಜೆ ತೋರಿಸಿತು. ಆ ಸಾಲನ್ನು ಹಾಗೇ ಬಿಟ್ಟು ನನ್ನ ಹಳೇ 23 ಟೆಸ್ಟ್ ಓಡಿಸಿದೆ. ಹಸಿರೋ ಹಸಿರು.